ಉಪದೇಶ ಬೇಡ, ಅರ್ಧ ಸಂಬಳ ಕೊಡಿ

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ನಮ್ಮ ತರುಣ ಕಲಾವಿದರ ಮನೆಗೆ ಮೊದಲು ಬಂದದ್ದು ಅಕ್ಕಿಯಲ್ಲ, ಉಪದೇಶ. ದೊಡ್ಡ ಮನುಷ್ಯರೆಲ್ಲ ಪತ್ರಿಕೆಗಳಲ್ಲಿ, ಟೆಲಿವಿಷನ್ನಿನಲ್ಲಿ, ಮೊಬೈಲಿನಲ್ಲಿ ಒಂದೇ ರಾಗ ಎಳೆದರು. ಸಾಂಕ್ರಾಮಿಕದ ಈ ಬಿಡುವು ಕಲಾವಿದನಿಗೆ ವರವಂತೆ. ಷೇಕ್ಸ್‌ಪಿಯರ್ ಮಹಾಕವಿಯು ಪ್ಲೇಗಿನ ಕಾಲದಲ್ಲೇ ‘ಕಿಂಗ್ ಲಿಯರ್’ ಬರೆದನಂತೆ. ಆದುದರಿಂದ ತರುಣರೂ ಮನೆಯಲ್ಲಿ ಕೂತು ಸೃಷ್ಟಿಕಾರ್ಯದಲ್ಲಿ ತೊಡಗಬೇಕಂತೆ! ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸುವ ಈ ಔದಾರ್ಯವನ್ನು ಕುರಿತು ನಾವು ನಾಲ್ಕು ಮಾತು ಹೇಳಬೇಕಾಗಿದೆ.

ನಾವು ಮೇಷ್ಟರಾಗಿದ್ದಾಗ ನಮ್ಮ ತರಗತಿಯಲ್ಲಿದ್ದ ಒಬ್ಬ ಹುಡುಗನ ಕತೆಯಿಂದಲೇ ಆರಂಭಿಸುತ್ತೇವೆ. ತಂದೆ ಮಿಲ್ಲಿನಲ್ಲಿ ದುಡಿದವನು. ಹುಡುಗನ ಕೈಯಲ್ಲಿ ಬಣ್ಣ ಮಾತಾಡುತ್ತಿತ್ತು. ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದ. ಅರಮನೆ, ಕಾಡು, ಬೀದಿ ಎಲ್ಲವೂ ಅವನ ಕೈಯಿಂದ ಇಳಿಯುತ್ತಿದ್ದವು. 2020ರ ಮಾರ್ಚಿಯಲ್ಲಿ ಕಂಪನಿಯ ಕ್ಯಾಂಪು ನಿಂತಿತು. ಮೇ ತಿಂಗಳಲ್ಲಿ ನಾವು ಅವನನ್ನು ಕಂಡಾಗ ತಳ್ಳುಗಾಡಿಯಲ್ಲಿ ಈರುಳ್ಳಿ ಮಾರುತ್ತಿದ್ದ. ಚಿತ್ರ ಬರೆಯುತ್ತೀಯಾ ಎಂದು ಕೇಳಿದೆವು. “ಮನಸ್ಸೇನೋ ಐತಿ ಸಾರ್. ಬಣ್ಣ ತಂದ್ರೆ ಮನ್ಯಾಗ ಎಣ್ಣಿಗೆ ರೊಕ್ಕ ಇರಂಗಿಲ್ಲ” ಎಂದ. ಈರುಳ್ಳಿ ಮಾರುವುದು ಅವಮಾನವಲ್ಲ. ಅದು ಮಾನದ ದುಡಿಮೆ. ಆದರೆ ಈ ಹುಡುಗನಲ್ಲಿ ಕೊರತೆಯಾದದ್ದು ಸ್ಫೂರ್ತಿಯೋ, ರೊಕ್ಕವೋ? ಉಪದೇಶಕರು ಉತ್ತರ ಹೇಳಲಿ.

ಅವರು ತಂದ ಷೇಕ್ಸ್‌ಪಿಯರನ ಉದಾಹರಣೆಯನ್ನೇ ಪೂರ್ತಿಯಾಗಿ ಓದೋಣ. 1603ರಲ್ಲಿ ಲಂಡನ್ನಿಗೆ ಪ್ಲೇಗು ಬಡಿದು ನಾಟಕಶಾಲೆಗಳು ಮುಚ್ಚಿದವು. ಆಗ ಅವನು ‘ಕಿಂಗ್ಸ್ ಮೆನ್’ ಎಂಬ, ದೊರೆಯ ಹೆಸರಿನ ಮಂಡಳಿಯಲ್ಲಿ ಪಾಲುದಾರ. 1604ರ ಫೆಬ್ರವರಿಯಲ್ಲಿ ದೊರೆ ಒಂದನೆಯ ಜೇಮ್ಸನು ಆ ಮಂಡಳಿಯ ನಟ ರಿಚರ್ಡ್ ಬರ್ಬೇಜನ ಕೈಗೆ 30 ಪೌಂಡು ಕೊಡಿಸಿದನು. ಏತಕ್ಕೆ? ಪ್ಲೇಗಿನ ನಿಮಿತ್ತ ಬಹಿರಂಗ ನಾಟಕ ನಿಷೇಧವಾಗಿರುವುದರಿಂದ ಮಂಡಳಿಯವರ ಹೊಟ್ಟೆಪಾಡಿಗೆ ಎಂದು! ‘ಕಿಂಗ್ ಲಿಯರ್’ ಆ ದೊರೆಯ ಮುಂದೆ ಆಡಿದ್ದು 1606ರ ಡಿಸೆಂಬರಿನಲ್ಲಿ. ಪರಿಹಾರ ಬಂದದ್ದು ಮೊದಲು, ನಾಟಕ ಬಂದದ್ದು ಆಮೇಲೆ. ನಾನೂರು ವರ್ಷದ ಹಿಂದಿನ ಒಬ್ಬ ದೊರೆಗೆ ಇದ್ದ ಬುದ್ಧಿ ನಮ್ಮ ಪ್ರಜಾಪ್ರಭುತ್ವದ ಪ್ರಭುಗಳಿಗೆ ಇರಬಾರದೆ?

ಗಿರಣಿ ಬಾಂಧವರಿಗೆ ಈ ನ್ಯಾಯ ಹೊಸದಲ್ಲ. ಹತ್ತಿ ಬರಲಿಲ್ಲ, ಕರೆಂಟು ಬರಲಿಲ್ಲ, ಯಂತ್ರ ಕೆಟ್ಟಿತು ಎಂದು ಮಾಲಿಕ ಕೆಲಸ ನಿಲ್ಲಿಸಿದರೆ ತಪ್ಪು ಕಾರ್ಮಿಕನದಲ್ಲ. ಆದುದರಿಂದಲೇ 1953ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ತಿದ್ದುಪಡಿ ತಂದು, ಲೇ-ಆಫ್ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧ ಕೊಡತಕ್ಕದ್ದೆಂದು ವಿಧಿಸಿದರು. ಅದೂ ಎಲ್ಲರಿಗೂ ದೊರೆಯಲಿಲ್ಲ. ವರ್ಷದ ಸೇವೆ ಇರಬೇಕು, ಕಾರ್ಖಾನೆಯಲ್ಲಿ ಐವತ್ತು ಮಂದಿ ಇರಬೇಕು, ಬದಲಿ ಕೆಲಸಗಾರ ಹೊರಗೆ. ಕಲಾವಿದನಾದರೋ ಆಯುಷ್ಯವಿಡೀ ಬದಲಿಯೇ! ಅವನಿಗೆ ಮಸ್ಟರ್ ರೋಲಿಲ್ಲ, ಹಾಜರಿ ಪುಸ್ತಕವಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಸರಕಾರ, ಬಾಗಿಲು ಮುಚ್ಚಿದ ದಿನಗಳಿಗೂ ಕೆಲಸಗಾರರ ಸಂಬಳ ಹಿಡಿಯಕೂಡದೆಂದು ಆಜ್ಞೆ ಹೊರಡಿಸಿತು; ಮೇ 18ರಿಂದ ಅದನ್ನೂ ಹಿಂತೆಗೆದುಕೊಂಡಿತು. ಆ ಆಜ್ಞೆ ಇದ್ದ ದಿನಗಳಲ್ಲಾದರೂ ಪರದೆ ಬರೆಯುವವನು, ಹಾರ್ಮೋನಿಯಂ ನುಡಿಸುವವನು ಯಾರ ಬಳಿ ಹೋಗಿ ಸಂಬಳ ಕೇಳಬೇಕಿತ್ತು?

ಕರಾವಳಿಯ ಯಕ್ಷಗಾನದ ಹುಡುಗರ ಪಾಡೂ ಇದೇ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಆ ಆರು ತಿಂಗಳ ದುಡಿಮೆಯಲ್ಲಿ ಮಳೆಗಾಲವನ್ನೂ ದಾಟಬೇಕು. 2020ರಲ್ಲಿ ಮಾರ್ಚ್ ನಡುವಿನಲ್ಲೇ ಆಟ ನಿಂತಿತು. ಮಳೆಗಾಲದಲ್ಲಿ ಮನೆ ಮನೆಗೆ ಹೋಗಿ ಕುಣಿಯುವ ಚಿಕ್ಕಮೇಳಕ್ಕೆ, ಸೋಂಕಿನ ಭಯದಲ್ಲಿ ಯಾರು ತಾನೆ ಬಾಗಿಲು ತೆರೆದಾರು?

ಸರಕಾರ ಏನೂ ಕೊಡಲಿಲ್ಲವೇ ಎಂದು ಕೇಳುವಿರಿ. ಕೊಟ್ಟಿತು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಹೊತ್ತಿಗೆ, ರಾಜ್ಯ ಸರಕಾರ ಕಲಾವಿದರಿಗೆ ತಲಾ 3000 ರೂಪಾಯಿ ಘೋಷಿಸಿತು. ಲೆಕ್ಕ ಹಾಕೋಣ. ಆ ಸಲ ಏಪ್ರಿಲ್ 27ರ ರಾತ್ರಿ ಮುಚ್ಚಿದ ಬಾಗಿಲು ದಾವಣಗೆರೆಯೂ ಸೇರಿ 11 ಜಿಲ್ಲೆಗಳಲ್ಲಿ ಜೂನ್ 21ರವರೆಗೆ ತೆರೆಯಲಿಲ್ಲ. ಸುಮಾರು 55 ದಿನ. ದಿನಕ್ಕೆ 55 ರೂಪಾಯಿಯೂ ಬೀಳಲಿಲ್ಲ. ಮನೆಯಲ್ಲಿ ನಾಲ್ಕು ಜನವಿದ್ದರೆ ತಲೆಗೆ 14 ರೂಪಾಯಿಗೂ ಕಡಿಮೆ. ಇಷ್ಟರಲ್ಲಿ ಉಂಡು, ಬಣ್ಣ ಕೊಂಡು, ಸೃಷ್ಟಿಯನ್ನೂ ಮಾಡಬೇಕು! ಇನ್ನು ಮಾಸಾಶನದ ಮಾತೆತ್ತಿದರೆ, ಅದು 58 ವರ್ಷ ದಾಟಿದವರಿಗೆ. ಮುಪ್ಪಿನ ಕಲಾವಿದರಿಗೆ ಅದು ಸಲ್ಲಬೇಕು. ಇನ್ನೂ ಹೆಚ್ಚು ಸಲ್ಲಬೇಕು. ಆದರೆ 22ರ ಹುಡುಗ 58 ಆಗುವವರೆಗೆ ಏನು ತಿನ್ನಬೇಕು?

“ನಿಜವಾದ ಕಲಾವಿದ ಉಪವಾಸವಿದ್ದರೂ ಸೃಷ್ಟಿಸುತ್ತಾನೆ” ಎನ್ನುವವರೂ ಇದ್ದಾರೆ. ನಾವು ಅಲ್ಲಗಳೆಯುವುದಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ವಿಯೆನ್ನಾದ ಚಿತ್ರಕಾರ ಎಗಾನ್ ಶೀಲೆ, ಹಾಸಿಗೆ ಹಿಡಿದ ಗರ್ಭಿಣಿ ಹೆಂಡತಿಯ ಮುಖವನ್ನು ಕಾಗದದ ಮೇಲೆ ಬರೆದನು. ಅಕ್ಟೋಬರ್ 28ರಂದು ಅವಳು ತೀರಿಕೊಂಡಳು. ಮೂರು ದಿನಕ್ಕೆ ತಾನೂ ಹೋದನು. ವಯಸ್ಸು 28. ಕಲೆಯ ಹಂಬಲವುಳ್ಳವನಿಗೆ ಯಾರ ಉಪದೇಶವೂ ಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಬೇಕಾದುದು ಅವನು ಬದುಕಿ ಉಳಿಯುವ ದಾರಿ. ಹಂಬಲ ಸಾಯುವುದಿಲ್ಲವೆಂದು ಮನುಷ್ಯನನ್ನು ಸಾಯಬಿಡಬಹುದೇ? ಹಾರ್ಮೋನಿಯಂ ಒತ್ತೆಯಿಟ್ಟ ಹುಡುಗನ ಬೆರಳಿಗೆ ಎರಡು ವರ್ಷದ ಅಭ್ಯಾಸವನ್ನು ಆಮೇಲೆ ಯಾರು ತಂದುಕೊಡುತ್ತಾರೆ?

ಅಂಗಡಿಕಾರ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. ನಾಟಕದ ಟೆಂಟು ಎದ್ದಲ್ಲಿ ಚಹದ ಅಂಗಡಿ ಏಳುತ್ತದೆ, ಮಂಡಕ್ಕಿ-ಮಿರ್ಚಿಯ ಬಂಡಿ ನಿಲ್ಲುತ್ತದೆ, ಪ್ರೆಸ್ಸಿನವನಿಗೆ ಕರಪತ್ರದ ಕೆಲಸ, ಮೈಕಿನವನಿಗೆ ಬಾಡಿಗೆ ಸಿಗುತ್ತದೆ. ಕಂಪನಿ ಮುಚ್ಚಿದರೆ ಒಲೆಗಳು ಸಾಲಾಗಿ ಆರುತ್ತವೆ. ಅಲ್ಲದೆ, ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ನಾವೆಲ್ಲರೂ ಹೊತ್ತು ಕಳೆದದ್ದು ಯಾವುದರಿಂದ? ಹಾಡು ಕೇಳಿ, ನಾಟಕ ನೋಡಿ, ಕತೆ ಓದಿ. ಉಂಡವರು ಬಡಿಸಿದವನ ಎಲೆಯನ್ನೂ ನೋಡಬೇಕು.

ಹಣವೆಲ್ಲಿದೆ ಎಂಬುದು ಕೊನೆಯ ಪ್ರಶ್ನೆ. ಮನಸ್ಸಿದ್ದವರಿಗೆ ಹಣ ಸಿಕ್ಕಿದೆ. ಆರ್ಥಿಕ ಕುಸಿತದಲ್ಲಿ ಬಿದ್ದಿದ್ದ ಅಮೆರಿಕೆ 1935ರಲ್ಲಿ ಚಿತ್ರಕಾರರನ್ನು ಸರಕಾರಿ ಕೂಲಿಗೆ ತೆಗೆದುಕೊಂಡು ಕಟ್ಟಡಗಳ ಗೋಡೆಗೆ ಚಿತ್ರ ಬರೆಸಿತು, ಮಕ್ಕಳಿಗೆ ಕಲೆ ಕಲಿಸಿತು. ಮುಂದೆ ಜಗತ್ಪ್ರಸಿದ್ಧನಾದ ಜಾಕ್ಸನ್ ಪೊಲಾಕ್ ಆಗ 23ರ ತರುಣ. ಆ ಕೂಲಿಯಲ್ಲೇ ಉಂಡವನು. ಕೋವಿಡ್ ಕಲಿಸಿದ ಪಾಠದಿಂದ ಐರ್ಲೆಂಡ್ 2022ರಲ್ಲಿ 2000 ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡಲಾರಂಭಿಸಿತು. ಆ ದೇಶಗಳ ಸಿರಿ ನಮ್ಮದಲ್ಲ, ಒಪ್ಪಿದೆವು. ನಾವು ಕೇಳುವುದೂ ಅಷ್ಟಲ್ಲ.

ನಮ್ಮ ಕೇಳಿಕೆ ಮೂರೇ. ಒಂದು, ಪ್ರತಿ ತಾಲೂಕಿನಲ್ಲೂ ವಯಸ್ಸಿನ ಅಡ್ಡಗೋಡೆಯಿಲ್ಲದೆ ಕಲಾವಿದರ ಪಟ್ಟಿಯಾಗಲಿ. ಪರದೆ ಎಳೆಯುವವನೂ ಅದರಲ್ಲಿರಲಿ. ಎರಡು, ಸರಕಾರದ ಆಜ್ಞೆಯಿಂದ ರಂಗ ಮುಚ್ಚಿದಷ್ಟು ದಿನವೂ ಅವರ ಸಾಮಾನ್ಯ ಗಳಿಕೆಯ ಅರ್ಧ, ಲೇ-ಆಫ್ ಪರಿಹಾರದಂತೆ, ಹಕ್ಕಾಗಿ ದೊರೆಯಲಿ. ಮೂರು, ದುಡಿಯಬಲ್ಲ ತರುಣರಿಗೆ ಶಾಲೆಯ ಗೋಡೆ, ಆಸ್ಪತ್ರೆಯ ಗೋಡೆ, ಆರೋಗ್ಯ ಪ್ರಚಾರದ ಹಾಡು ಮತ್ತು ಚಿತ್ರದ ಕೆಲಸ ಕೂಲಿ ಸಹಿತ ಕೊಡಲಿ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ಈಗೇಕೆ ಈ ಗೊಡವೆ ಎನ್ನಬೇಡಿ. ಮಾಡು ಹೊದಿಸುವುದು ಮಳೆಗೆ ಮುಂಚೆ. ನಮ್ಮ ಈರುಳ್ಳಿಯ ಹುಡುಗ ಈಗ ಮತ್ತೆ ಪರದೆ ಬರೆಯುತ್ತಿದ್ದಾನೆ. ತಳ್ಳುಗಾಡಿಯನ್ನು ಮಾತ್ರ ಮಾರಿಲ್ಲ. ಏಕೆಂದು ನಾವು ಕೇಳಲಿಲ್ಲ. ಅವನು ಅದನ್ನು ಧೈರ್ಯವಾಗಿ ಮಾರುವ ದಿನ ಬರುವವರೆಗೆ ಉಪದೇಶಕರು ಬಾಯಿ ಮುಚ್ಚಿಕೊಂಡಿರಲಿ.