ನಾಯಿಯ ಜಾತಿ ಕೇಳುವವರು ಬೆಡಗನ್ನೂ ಕೇಳಲಿ

2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಮುಧೋಳ ನಾಯಿಯ ಹೆಸರೆತ್ತಿದ ಬಳಿಕ ಈ ತಳಿಯ ಮರಿಗಳಿಗೆ ಬೇಡಿಕೆ ಏರಿದೆ. ಕಾಸರಗೋಡಿನ ಪರಿಚಿತ ಅಧ್ಯಾಪಕರೊಬ್ಬರು ಸಹ “ನಿಮ್ಮ ಕಡೆಯಿಂದ ಒಂದು ಅಸಲು ಮರಿ ಕೊಡಿಸಿ” ಎಂದು ನಮಗೆ ಬರೆದಿದ್ದಾರೆ. ನಾವಿರುವ ಡಫಳಾಪುರ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರು. ನಿಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು ನಾವು. ಮುಧೋಳದಲ್ಲಿ ಮುಧೋಳ ನಾಯಿ ಎನಿಸಿಕೊಂಡದ್ದನ್ನೇ ಈ ಕಡೆ ಕಾರವಾನಿ ಎನ್ನುತ್ತಾರೆ.

ಆ ಮಿತ್ರರಿಗೆ ನಾವು ಕೂಡಲೇ ಮರಿ ಕಳುಹಿಸಲಿಲ್ಲ. ಕಾರಣವಿದೆ. ನಮ್ಮ ಓಣಿಯ ಮನೆಯೊಂದರಲ್ಲಿ ಒಂದೇ ಸೂಲಿನ ಗಂಡು, ಹೆಣ್ಣು ಮರಿಗಳನ್ನು ತಂದು ಸಾಕಿ, ತಳಿ ಕೆಡಬಾರದೆಂದು ಅವನ್ನೇ ಕ್ರಾಸ್ ಮಾಡಿಸಿದರು. ಹುಟ್ಟಿದ ಐದರಲ್ಲಿ ಮೂರು ಮರಿಗಳು ಹದಿನೈದು ದಿನ ಬದುಕಲಿಲ್ಲ. ಮರಿಗಳು ಸಾಯುವುದಕ್ಕೆ ಜಂತು, ಸೋಂಕು, ಚಳಿ ಹೀಗೆ ಹಲವು ಕಾರಣಗಳಿರುತ್ತವೆ. ಒಂದು ಮನೆಯ ಸಂಗತಿಯಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಅಣ್ಣ ತಂಗಿಯನ್ನು ಕೂಡಿಸಿದರೆ ತಳಿ ಶುದ್ಧವಾಗುತ್ತದೆಂಬ ನಂಬಿಕೆ ಮಾತ್ರ ತಪ್ಪೇ.

ಪ್ರತಿ ಮರಿಗೂ ಪ್ರತಿಯೊಂದು ಗುಣದ ಬೀಜ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಒಂದು ದೋಷದ್ದಾಗಿದ್ದರೂ ಇನ್ನೊಂದು ಸರಿಯಿದ್ದರೆ ಎಷ್ಟೋ ರೋಗಗಳು ಹೊರಗೆ ಕಾಣಿಸವು. ಒಡಹುಟ್ಟಿದವುಗಳ ಮರಿಗಳಲ್ಲಿ ಸರಾಸರಿ ಶೇ. 25ರಷ್ಟು ಕಡೆ ಎರಡೂ ಬೀಜ ಒಂದೇ ಮೂಲದವಾಗುತ್ತವೆ. ಆ ಮರಿಗಳನ್ನೇ ಮತ್ತೆ ಕೂಡಿಸಿದರೆ ಅದು ಶೇ. 37.5ಕ್ಕೆ ಏರುತ್ತದೆ. ಮುಚ್ಚಿಕೊಂಡಿದ್ದ ದೋಷ ಆಗ ಹೊರಬೀಳುತ್ತದೆ. ಸೂಲಿನಲ್ಲಿ ಮರಿಗಳು ಕಡಿಮೆಯಾಗುತ್ತವೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಗರ್ಭ ಕಟ್ಟುವುದೇ ಕಷ್ಟವಾಗುತ್ತದೆ.

ಇದು ಬಡ ಹಳ್ಳಿಯ ಅಜ್ಞಾನವೆಂದು ಯಾರೂ ತಿಳಿಯಬೇಕಾಗಿಲ್ಲ. 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ದಾಖಲೆ ಶೋಧಿಸಿದಾಗ, ಬ್ರಿಟನ್ನಿನ ಸುಮಾರು 20,000 ಬಾಕ್ಸರ್ ನಾಯಿಗಳಲ್ಲಿದ್ದ ಬೀಜವೈವಿಧ್ಯ ಕೇವಲ 70 ನಾಯಿಗಳಿಗೆ ಸಮವೆಂದು ಕಂಡುಬಂತು. ಅಲ್ಲಿನ ಕೆನಲ್ ಕ್ಲಬ್ 2009ರಿಂದ ತಂದೆ–ಮಗಳು, ತಾಯಿ–ಮಗ, ಒಡಹುಟ್ಟಿದವುಗಳ ಮರಿಗಳನ್ನು ನೋಂದಾಯಿಸುವುದನ್ನೇ ನಿಲ್ಲಿಸಿತು.

ನಿಮ್ಮ ತುಳುನಾಡಿನಲ್ಲಿ ಬಳಿ ನೋಡದೆ, ನಮ್ಮಲ್ಲಿ ಬೆಡಗು ನೋಡದೆ ಹೆಣ್ಣು ತರುವುದಿಲ್ಲ. (ಬೆಡಗು ನೋಡಿಯೂ ಅಕ್ಕನ ಮಗಳನ್ನೇ ತರುವ ನಮ್ಮ ಕಡೆಯ ರೂಢಿಯ ಲೆಕ್ಕ ಶೇ. 12.5 ಎಂಬುದನ್ನು ಮುಚ್ಚಿಡಲಾರೆವು.) ನಾಯಿಯ ವಿಷಯದಲ್ಲಿ ಮಾತ್ರ ಈ ವಿಚಾರಣೆ ಏಕಿಲ್ಲ?

ಹಿಂದೆ ಕುರಿಗಾರರ ಬಳಿ ಓಡಲಾರದ ನಾಯಿಗೆ ಸಂತಾನದ ಅವಕಾಶವೇ ಕಡಿಮೆಯಿತ್ತು. 1972ರ ವನ್ಯಜೀವಿ ಕಾಯ್ದೆಯ ಬಳಿಕ ಬೇಟೆ ಅಪರಾಧವಾಯಿತು, ಅದು ಆಗಬೇಕಾದದ್ದೇ. ಆದರೆ ಅಂದಿನ ಪರೀಕ್ಷೆಯೂ ಅದರೊಡನೆ ಹೋಯಿತು. ಈಗ ಆಯ್ಕೆಯಾಗುವುದು ಬಣ್ಣ ಮತ್ತು ಮೈಕಟ್ಟಿನಿಂದ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೇನೆಯ ತರಬೇತಿಗೆ ಮೀರತ್ತಿಗೆ ಹೋದವು. ಕರ್ನಾಟಕದ ಮುಧೋಳ, ಮಹಾರಾಷ್ಟ್ರದ ಕಾರವಾನಿ ಎಂದು ದಾಖಲೆಗಳನ್ನು ಬೇರೆ ಬೇರೆ ಇಟ್ಟು, ಒಂದು ಕಡೆಯ ಗಂಡನ್ನು ಇನ್ನೊಂದು ಕಡೆಗೆ ಕೊಡದಿದ್ದರೆ ಎರಡೂ ಕಡೆ ರಕ್ತ ಸಂಕುಚಿತವಾಗುವುದು ಖಂಡಿತ. ರಾಜ್ಯಗಳ ಗಡಿಯನ್ನು ನಾಯಿಯ ಮೇಲೂ ಎಳೆಯಬೇಕೇ?

ಮಿತ್ರರಿಗೆ ನಾವು ಬರೆದ ಉತ್ತರ ಇಷ್ಟು: ತಾಯಿನಾಯಿಯನ್ನು ಕಣ್ಣಾರೆ ನೋಡಿ. ತಂದೆ ಯಾವ ಊರಿನದು, ಎರಡೂ ಒಂದೇ ಸೂಲಿನವೇ ಎಂದು ಕೇಳಿ. ವಂಶಪತ್ರವಿದ್ದರೆ ಮೂರು ತಲೆಮಾರು ಓದಿ; ತಾಯಿಯ ಕಡೆಯಲ್ಲೂ ತಂದೆಯ ಕಡೆಯಲ್ಲೂ ಒಂದೇ ಹೆಸರು ಕಂಡರೆ ಬಿಟ್ಟುಬಿಡಿ. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇಷ್ಟು ಕೇಳಿದ್ದಕ್ಕೆ ಮಾರುವವರು ಸಿಡುಕಿದರೆ ಬರಿಗೈಯಲ್ಲೇ ಹಿಂತಿರುಗಿ. ಅವರಿನ್ನೂ ಮರಿ ಕೊಂಡಿಲ್ಲ, ಹುಡುಕುತ್ತಿದ್ದಾರಂತೆ.