ಚರಂಡಿ ಸೇರುವ ಮಾತ್ರೆ: ಬೆಳಕಿನಿಂದ ಶುದ್ಧೀಕರಣ ಸಾಧ್ಯವೇ?

ಜ್ವರ ಬಿಟ್ಟ ಮೇಲೆ ಮನೆಯಲ್ಲಿ ಉಳಿದ ಆ್ಯಂಟಿಬಯೊಟಿಕ್ ಮಾತ್ರೆಗಳನ್ನು ಹಿಂದೊಮ್ಮೆ ನಾನೇ ಶೌಚಾಲಯಕ್ಕೆ ಹಾಕಿ ನೀರು ಬಿಟ್ಟಿದ್ದೆ. ತಪ್ಪೆಂದು ಆಗ ಹೊಳೆಯಲಿಲ್ಲ. ನುಂಗಿದ ಮಾತ್ರೆಯಲ್ಲೂ ಒಂದು ಪಾಲು ಮೂತ್ರದೊಂದಿಗೆ ಚರಂಡಿ ಸೇರುತ್ತದೆ. ಮುಂಬಯಿಯ ಕೊಳಚೆ ಕೊನೆಗೆ ಮುಟ್ಟುವುದು ಖಾಡಿ ಮತ್ತು ಸಮುದ್ರವನ್ನು. ಅಲ್ಪ ಪ್ರಮಾಣದ ಮದ್ದಿನ ಜತೆ ದಿನವೂ ಬದುಕುವ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ವರದಿ ಅಂದಾಜಿಸಿತ್ತು.

ಇದಕ್ಕೆ ವಿಜ್ಞಾನಿಗಳು ಬೆಳಕಿನ ಉಪಾಯ ಹುಡುಕಿದ್ದಾರೆ. ಗೋಡೆಯ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡನ್ನು ಗಾಜಿನ ಮೇಲೆ ತೆಳುವಾಗಿ ಲೇಪಿಸಿ ಅತಿನೇರಳೆ ಕಿರಣ ಬಿಟ್ಟರೆ, ನೀರಿನಲ್ಲಿ ಹುಟ್ಟುವ ತೀಕ್ಷ್ಣ ಕಣಗಳು ಔಷಧದ ಅಣುಗಳನ್ನು ಒಡೆಯುತ್ತವೆ. ಇದರ ಮೂಲ 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಪ್ರಕಟಿಸಿದ ಸಂಶೋಧನೆ. ಪುಡಿಯನ್ನೇ ಬೆರೆಸಿದರೆ ಮತ್ತೆ ಸೋಸಿ ತೆಗೆಯಬೇಕು; ಲೇಪನಕ್ಕೆ ಆ ತಾಪತ್ರಯವಿಲ್ಲ. ಆದರೆ ಬಿಸಿಲಿನಲ್ಲಿ ಅತಿನೇರಳೆ ಪಾಲು ಶೇ. 5ರಷ್ಟು ಮಾತ್ರ. ಕದಡಿದ ಕೊಳಚೆಯೊಳಗೆ ಬೆಳಕೂ ಇಳಿಯದು. ಆದ್ದರಿಂದ ಮೊದಲು ತಿಳಿಯಾದ ನೀರಿಗೆ, ಅದರಲ್ಲೂ ಔಷಧ ಕಾರ್ಖಾನೆಗಳ ಬಾಗಿಲಲ್ಲೇ ಇದನ್ನು ಬಳಸುವುದು ಸೂಕ್ತ. ಹೈದರಾಬಾದ್ ಸಮೀಪದ ಪಟಂಚೇರುವಿನಲ್ಲಿ ಶುದ್ಧೀಕರಿಸಿ ಬಿಟ್ಟ ಕಾರ್ಖಾನೆ ನೀರಿನಲ್ಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ ಸಂಶೋಧಕರು 2007ರಲ್ಲಿ ಬಯಲು ಮಾಡಿದ್ದರು.

ಇನ್ನೊಂದು ಅಡ್ಡಿ ಕಾನೂನಿನದು. ಕಾರ್ಖಾನೆ ನೀರಿನಲ್ಲಿ ಆ್ಯಂಟಿಬಯೊಟಿಕ್‌ಗೆ ಮಿತಿ ಹಾಕುವ ಕರಡನ್ನು ಕೇಂದ್ರ ಸರಕಾರ 2020ರ ಜನವರಿಯಲ್ಲಿ ಹೊರಡಿಸಿತ್ತು; 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಮಾಯವಾದವು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟದ್ದು ಮಾರ್ಗಸೂಚಿ ಮಾತ್ರ. ಲಿಮಿಟ್ ದಾಟಿದರೆ ದಂಡಶುಲ್ಕ ಬೀಳುತ್ತದೆಂದೇ ಬ್ಯಾಂಕಿನ ಗಿರಾಕಿ ಎಚ್ಚರ ವಹಿಸುತ್ತಾನೆ. ಲಿಮಿಟ್ಟೇ ಇಲ್ಲದಿದ್ದರೆ ಹೊಸ ಯಂತ್ರಕ್ಕೆ ಕಾರ್ಖಾನೆ ಏಕೆ ಹಣ ಹಾಕೀತು?

ಮುಂಬಯಿಯಲ್ಲಿ ವರ್ಲಿ, ಧಾರಾವಿ, ಬಾಂದ್ರಾ, ವರ್ಸೋವಾ, ಮಲಾಡ್, ಭಾಂಡುಪ್, ಘಾಟ್ಕೋಪರ್‌ಗಳ ಕೊಳಚೆ ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 17,200 ಕೋಟಿ ರೂ. ಇಷ್ಟು ಹಣ ಸುರಿಯುವಾಗ, ಹೊರಬೀಳುವ ನೀರಿನಲ್ಲಿ ಔಷಧ ಎಷ್ಟಿದೆಯೆಂದು ಅಳೆದು ಪ್ರಕಟಿಸಲಿ ಎಂದು ಕೇಳುವುದು ಅತಿಯಾಗದು.

ನಮ್ಮ ಸಂಘ-ಸಂಸ್ಥೆಗಳು ಉಚಿತ ವೈದ್ಯಕೀಯ ಶಿಬಿರ ನಡೆಸುತ್ತಲೇ ಇವೆ. ಅಲ್ಲಿ ಉಳಿದ ಮಾತ್ರೆ ಹಾಕಲು ಒಂದು ಡಬ್ಬಿಯಿಟ್ಟು, ತುಂಬಿದ್ದನ್ನು ಆಸ್ಪತ್ರೆಯ ವೈದ್ಯಕೀಯ ತ್ಯಾಜ್ಯದೊಂದಿಗೆ ಸುಡಲು ಕೊಡುವ ಏರ್ಪಾಡು ಮಾಡಬಾರದೇಕೆ? ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೊಟಿಕ್ ಕೊಳ್ಳಬೇಡಿ ಎಂಬ ಮಾತನ್ನೂ ವೇದಿಕೆಯಿಂದ ಹೇಳೋಣ. ಚರಂಡಿಗೆ ಹೋಗದ ಮಾತ್ರೆಯನ್ನು ಯಾವ ಯಂತ್ರವೂ ಶುದ್ಧೀಕರಿಸಬೇಕಾಗಿಲ್ಲ.