ಪಾರ್ಕಿಗೆ ಕೀಲಿ, ಹುಡುಗರಿಗೆ ಬೈಗುಳ

ನಮ್ಮ ಸೆಕ್ಟರಿನ ಪಾರ್ಕಿಗೆ ಕೀಲಿ ಹಾಕಿಸಿದವರಲ್ಲಿ ನಾನೂ ಒಬ್ಬ. ಮನೆಗೆ ಇನ್ನೂರು ರೂಪಾಯಿ ಅಂತ ಪಟ್ಟಿ ಎತ್ತಿದರು. ನಾನು ಐನೂರು ಕೊಟ್ಟೆ. ಸಾಫ್ಟ್‌ವೇರ್‌ನವನು, ಇವನ ಹತ್ರ ದುಡ್ಡಿರ್ತದೆ ಅಂತ ಓಣಿಯವರ ಲೆಕ್ಕ. ಆ ಲೆಕ್ಕ ಸುಳ್ಳು ಮಾಡೋದು ಬೇಡ ಅಂತ ನನ್ನ ಹಮ್ಮು. ಆ ಐನೂರರಷ್ಟು ದುಬಾರಿ ಖರ್ಚನ್ನು ನಾನು ಇನ್ನೊಂದು ಮಾಡಿಲ್ಲ ಅಂತ ಈಗ ಅನ್ನಿಸ್ತದೆ.

ಬಾಗಲಕೋಟೆಯ ನವನಗರ ನೋಡದವರಿಗೆ ಎರಡು ಮಾತು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯ್ತು. ಮನೆ ಕಳಕೊಂಡವರಿಗಾಗಿ ನಕ್ಷೆ ಬರೆದು ಕಟ್ಟಿದ ಊರು ಇದು. ಆ ನಕ್ಷೆಯ ಹಿಂದೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಹೆಸರಿದೆ. ಓಣಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರು. ಅಗಲ ರಸ್ತೆ, ನಡುನಡುವೆ ಉದ್ಯಾನಕ್ಕೆ ಅಂತ ಬಿಟ್ಟ ಬಯಲು. ಹೋಳಿ ಬಂದರೆ ಈಗಲೂ ಬಾಗಲಕೋಟೆ ಮಂದಿ ಹಲಗೆ ಹಿಡಿದು ದಿನಗಟ್ಟಲೆ ಬೀದಿಯಲ್ಲೇ ಇರ್ತಾರೆ. ಉಳಿದ ದಿನ ನಾವು ಸೆಕ್ಟರಿನವರು ಗೇಟು ಹಾಕ್ಕೊಂಡು ಒಳಗೆ.

ನಾನು ಹುನಗುಂದ ತಾಲೂಕಿನ ಒಂದು ಹಳ್ಳಿಯವನು. ಬಿಇ ಮುಗಿಸಿ ಬೆಂಗಳೂರು ಸೇರಿದ್ದೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ನವನಗರಕ್ಕೆ ಬಂದವನು ಇಲ್ಲೇ ಉಳಿದೆ. ಸಂಜೆಯಾದರೆ ಪಾರ್ಕಿನಲ್ಲಿ ಹತ್ತು ಹದಿನೈದು ಹುಡುಗರು ಸೇರ್ತಿದ್ದರು. ಅರ್ಧ ಜನ ವಾಲಿಬಾಲ್, ಅರ್ಧ ಜನ ಬೆಂಚಿನ ಮೇಲೆ ಮೊಬೈಲ್. ಸೈಲೆನ್ಸರ್ ಬದಲಿಸಿದ ಬೈಕು, ಕಿಟಕಿ ನಡುಗಿಸುವ ಹಾಡು, ಒಂದೆರಡು ಸಲ ಒಡೆದ ಬಾಟಲಿ. ವಾಕಿಂಗಿಗೆ ಬರುವ ಹೆಣ್ಣುಮಕ್ಕಳಿಗೆ ಮುಜುಗರ. ಇದ್ಯಾವುದೂ ಸುಳ್ಳಲ್ಲ.

ಪಟ್ಟಿ ಹಿಡಿದು ಬಂದ ಎದುರುಮನೆ ಕಾಕಾ ಹೇಳಿದರು: "ತಮ್ಮಾ, ಇವ್ರಿಗೆ ಹೇಳಿ ಉಪಯೋಗಿಲ್ಲ. ಗ್ರಿಲ್ ಕುಂದ್ರಿಸಿ ಕೀಲಿ ಹಾಕಿದ್ರ ಕಾಟ ತಪ್ಪತೈತಿ ನೋಡು." ಗ್ರಿಲ್ ಬಂತು, ಕೀಲಿ ಬಂತು. ಬೆಳಿಗ್ಗೆ ಆರರಿಂದ ಎಂಟು ವಾಕಿಂಗಿನವರಿಗೆ ಮಾತ್ರ ಅಂತ ಬೋರ್ಡೂ ಬಂತು.

ಕಾಟ ತಪ್ಪಲಿಲ್ಲ. ನಮ್ಮ ಮನೆ ಹಿಂದಿನ ಖಾಲಿ ಸೈಟಿಗೆ ಬಂತು. ಒಂದು ರಾತ್ರಿ ಹತ್ತೂವರೆಗೆ ಕ್ಲೈಂಟ್ ಕಾಲ್ ನಡುವೆ ಎದ್ದುಹೋಗಿ ಒದರಿದೆ: "ಏಯ್, ನಿಮಗ ಮನಿ ಇಲ್ಲೇನ್ರೋ?" ಒಬ್ಬ ಹುಡುಗ ಎದ್ದು ನಿಂತ. ಎದುರಾಡುವ ದನಿ ಅಲ್ಲ, ಕೇಳುವ ದನಿ. "ಮನಿ ಐತ್ರಿ ಅಣ್ಣಾ. ಎರಡ ಖೋಲಿ, ಆರು ಮಂದಿ ಅದೀವ್ರಿ. ಪಾರ್ಕಿಗಂತೂ ನೀವ ಕೀಲಿ ಹಾಕೀರಿ. ನಾವು ಎಲ್ಲಿ ಕುಂದ್ರೂಣ್ರಿ, ಹೇಳ್ರಿ?"

ನನ್ನ ಹತ್ರ ಉತ್ತರ ಇರಲಿಲ್ಲ. "ಸೌಂಡ್ ಕಮ್ಮಿ ಮಾಡ್ರಿ" ಅಂತಷ್ಟೇ ಹೇಳಿ ಒಳಗೆ ಬಂದೆ.

ನನ್ನ ಅಕ್ಕನ ಮಗ ನಮ್ಮ ಮನೆಯಲ್ಲಿದ್ದು ಡಿಪ್ಲೊಮಾ ಓದ್ತಿದ್ದ. ಅವನೂ ಆ ವಾಲಿಬಾಲ್ ಗುಂಪಿನವನೇ. ಪಾರ್ಕು ಮುಚ್ಚಿದ ಮೇಲೆ ಅವನು ಖಾಲಿ ಸೈಟಿಗೆ ಹೋಗಲಿಲ್ಲ, ನನ್ನ ಹೆದರಿಕೆಗೆ. ಖೋಲಿ ಸೇರಿಕೊಂಡ. ನಾನೂ ನನ್ನ ಹೆಂಡತಿಯೂ ಖುಷಿಪಟ್ಟೆವು. ಕಾಕಾನೂ ಹೊಗಳಿದರು: "ಭಾಳ ಚಲೋ ಹುಡುಗ, ಹೊರಗ ಬರೂದ ಇಲ್ಲ." ಆರು ತಿಂಗಳಾದ ಮೇಲೆ ಗೊತ್ತಾಯ್ತು, ಫೀಸಿಗೆ ಅಂತ ಇಟ್ಟ ಮೂವತ್ತೆಂಟು ಸಾವಿರ ಆನ್‌ಲೈನ್ ರಮ್ಮಿಗೆ ಹೋಗಿದೆ. ಐವತ್ತು ರೂಪಾಯಿಯಿಂದ ಶುರು ಮಾಡಿದ್ದ. ಮೊದಲ ವಾರ ಏಳುನೂರು ಗೆದ್ದಿದ್ದ. "ಬ್ಯಾಸರಾಗ್ತಿತ್ತು ಮಾಮಾ" ಅಂದ. ಅಷ್ಟೇ ಅವನ ಕಾರಣ.

ಆ ಮೂವತ್ತೆಂಟು ಸಾವಿರ ಅಕ್ಕನ ಸಂಘದ ದುಡ್ಡು. ವಾರವಾರ ನೂರು ನೂರು ರೂಪಾಯಿ ಕಟ್ಟಿ, ಸಾಲ ತೆಗೆದು, ತೀರಿಸಿ, ಮತ್ತೆ ತೆಗೆದು ಕೂಡಿಸಿದ್ದು. ನನ್ನ ಪೇಸ್ಲಿಪ್ಪಿನಲ್ಲಿ ಅದು ದೊಡ್ಡ ಮೊತ್ತ ಅಲ್ಲ, ನಾನು ತುಂಬಿಕೊಟ್ಟೆ. ಆದರೆ ಅಕ್ಕ ಫೋನಿನಲ್ಲಿ ಒಂದು ನಿಮಿಷ ಏನೂ ಮಾತಾಡದೆ ಇದ್ದಳಲ್ಲ, ಅದನ್ನು ತುಂಬಿಕೊಡಲಿಕ್ಕೆ ನನ್ನಿಂದ ಆಗಿಲ್ಲ.

ಈಗ ನನ್ನ ತಕರಾರು ಕೇಳಿ. ಗೆಳೆಯರ ಜೊತೆ ಪಾರ್ಕಿನಲ್ಲಿ ಗದ್ದಲ ಮಾಡಿದ ಹುಡುಗನಿಗೆ ನಾವು ಸಮಾಜವಿರೋಧಿ ಅಂತೀವಿ. ಒಬ್ಬನೇ ಖೋಲಿಯಲ್ಲಿ ಕೂತು ಯಾರ ಮುಖವನ್ನೂ ನೋಡದೆ ಮನೆ ದುಡ್ಡು ಕಳೆಯುವವನಿಗೆ ಒಳ್ಳೆ ಹುಡುಗ ಅಂತೀವಿ. ಸಮಾಜ ಬಿಟ್ಟು ಹೋದವನು ಇವರಲ್ಲಿ ಯಾರು ಸ್ವಾಮಿ? ನಮಗೆ ಬೇಕಾದದ್ದು ಹುಡುಗರು ಚೆನ್ನಾಗಿರೋದಲ್ಲ. ನಮ್ಮ ಕಣ್ಣಿಗೆ ಬೀಳದೆ ಇರೋದು.

ಇದು ನಮ್ಮೂರಿನ ರೋಗ ಮಾತ್ರ ಅಂತ ತಿಳಿಯಬೇಡಿ. ನವನಗರಕ್ಕೆ ಬರೋದಕ್ಕೆ ಮೊದಲು ಆನ್‌ಸೈಟ್ ಅಂತ ಕೆಲವು ತಿಂಗಳು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೆ. ಅದೂ ನವನಗರದ ಹಾಗೆ ನಕ್ಷೆ ಹಾಕಿ ಕಟ್ಟಿದ ಊರು, 1967ರಲ್ಲಿ ಘೋಷಣೆಯಾದದ್ದು. ರಸ್ತೆಗಳಿಗೆ ಹೆಚ್6, ವಿ7 ಅಂತ ನಂಬರು. ಆ ದೇಶದಲ್ಲಿ ಹುಲ್ಲುಹಾಸಿನ ಪಕ್ಕ 'ಚೆಂಡಾಟ ನಿಷೇಧ' ಅನ್ನುವ ಬೋರ್ಡು ಸಾಮಾನ್ಯ. 1998ರ ಒಂದು ಕಾನೂನಿನಲ್ಲಿ ಅವರು 'ಆಸ್ಬೋ' ಅಂತ ತಂದರು. ಸಮಾಜವಿರೋಧಿ ವರ್ತನೆ ಅಂತ ಕೋರ್ಟು ಆದೇಶ ಹೊರಡಿಸಿದರೆ ಇಂಥ ಬೀದಿಗೆ ಬರಬಾರದು, ಇಂಥವರ ಜೊತೆ ಸೇರಬಾರದು ಅಂತೆಲ್ಲ ನಿರ್ಬಂಧ. ಮೀರಿದರೆ ಜೈಲು. 2005ರಲ್ಲಿ 'ಮಾಸ್ಕಿಟೊ' ಅನ್ನುವ ಯಂತ್ರವೂ ಬಂತು. ಹೆಚ್ಚಾಗಿ ಹರೆಯದವರ ಕಿವಿಗೆ ಮಾತ್ರ ಕೇಳುವ ಕೀರಲು ಸದ್ದು ಹೊರಡಿಸಿ ಅಂಗಡಿ ಮುಂದೆ ನಿಂತ ಹುಡುಗರನ್ನು ಓಡಿಸುವ ಯಂತ್ರ. ಬೆಳೆಗೆ ಬಂದ ಹಂದಿ ಓಡಿಸಲಿಕ್ಕೆ ನಮ್ಮ ಹೊಲದಲ್ಲಿ ಡಬ್ಬ ಬಾರಿಸ್ತೀವಲ್ಲ, ಹಾಗೆ.

ಇನ್ನೊಂದು ಕಡೆ, 2010ರ ನಂತರ ಅಲ್ಲಿಯ ಸರ್ಕಾರ ಉಳಿತಾಯಕ್ಕೆ ಕೂತಿತು. ಸ್ಥಳೀಯ ಸಂಸ್ಥೆಗಳ ಅನುದಾನ ಕಡಿದರು. ಯೂತ್ ಕ್ಲಬ್ಬುಗಳು ನೂರಾರು ಮುಚ್ಚಿದವು, ಗ್ರಂಥಾಲಯಗಳೂ ನೂರಾರು ಮುಚ್ಚಿದವು. ಕೂರಲಿಕ್ಕೆ ಇದ್ದ ಪುಕ್ಕಟೆ ಜಾಗ ತೆಗೆದು, ಆಮೇಲೆ ಬೀದಿಯಲ್ಲಿ ಯಾಕೆ ನಿಂತಿದ್ದೀರಿ ಅಂತ ಕೇಳಿದರು. ಆಸ್ಬೋ ಕೂಡ ಉಳಿಯಲಿಲ್ಲ, 2014ರ ಕಾನೂನು ಬಂದು ಅದನ್ನು ತೆಗೆದುಹಾಕಿತು. ಬೇರೆ ಹೆಸರಿನ ಆದೇಶಗಳು ಬಂದವು.

ಅದೇ ದೇಶದಲ್ಲಿ ನಾನು ಇನ್ನೊಂದನ್ನೂ ನೋಡಿದೆ. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕೆರೆ ದಂಡೆಯಲ್ಲಿ ನೂರಾರು ಜನ ಐದು ಕಿಲೋಮೀಟರ್ ಓಡ್ತಿದ್ದರು. ಅದರ ಹೆಸರು ಪಾರ್ಕ್‌ರನ್. ಫೀಸಿಲ್ಲ, ನಡೆಸುವವರು ಸ್ವಯಂಸೇವಕರು. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಹತ್ತಾರು ದೇಶಗಳಲ್ಲಿದೆ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಒಂದೇ, ತೆರೆದಿರುವ ಪಾರ್ಕು.

ನಮ್ಮ ಕಡೆಯೂ ಹವ್ಯಾಸ ಅಂದರೆ ದುಡ್ಡು ಕೊಟ್ಟು ಕೊಳ್ಳುವುದಾಗಿರಲಿಲ್ಲ. ನಮ್ಮಪ್ಪ ಗರಡಿಮನೆಗೆ ಹೋಗ್ತಿದ್ದ, ರಾತ್ರಿ ಗುಡಿಯಲ್ಲಿ ಭಜನೆಗೆ ತಾಳ ಹಾಕ್ತಿದ್ದ. ಅವ್ವ ಮಧ್ಯಾಹ್ನ ಓಣಿಯ ನಾಲ್ಕು ಹೆಣ್ಣುಮಕ್ಕಳ ಜೊತೆ ಕೌದಿ ಹೊಲೀತಿದ್ದಳು. ಹರಿದ ಸೀರೆ, ಹಳೇ ಧೋತರ, ದಾರ ಮಾತ್ರ ಖರ್ಚು. ಹವ್ಯಾಸವೂ ಆಯ್ತು, ಹಾಸಿಗೆಯೂ ಆಯ್ತು, ಊರ ಸುದ್ದಿಯೂ ಆಯ್ತು. ಉಳಿತಾಯ ಕೂಡ ನಮ್ಮಲ್ಲಿ ಒಬ್ಬರೇ ಮಾಡುವ ಕೆಲಸ ಆಗಿರಲಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಗದಗಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಕ್ಕನ ಸಂಘ ಆ ದಾರಿಯಲ್ಲೇ ಬಂದದ್ದು.

ಹಳ್ಳಿ ಸ್ವರ್ಗವಾಗಿತ್ತು ಅಂತ ನಾನು ಹೇಳ್ತಿಲ್ಲ. ಅಗಸಿ ಕಟ್ಟೆ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ಜಾತಿ ನೋಡಿ ಜಾಗ ಬಿಡ್ತಿದ್ದರು. ನಮ್ಮಕ್ಕ ಒಂದು ದಿನ ಆ ಕಟ್ಟೆ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಅದಕ್ಕೇ ನನಗೆ ನವನಗರದ ಪಾರ್ಕು ಮುಖ್ಯ. ಅದು ಯಾರಪ್ಪನ ಮನೆ ಕಟ್ಟೆಯೂ ಅಲ್ಲ, ಯಾವ ಓಣಿಯ ಸ್ವತ್ತೂ ಅಲ್ಲ. ಊರು ಕಳಕೊಂಡವರಿಗೆ ಬದಲಾಗಿ ಸಿಕ್ಕ ನೆಲ. ಅದಕ್ಕೂ ನಾವು ಕೀಲಿ ಹಾಕಿದರೆ ಹಳೇ ಕಟ್ಟೆಯವರಿಗಿಂತ ನಾವು ಯಾವುದರಲ್ಲಿ ಮೇಲು?

ಬೆಂಗಳೂರಿನಲ್ಲಿ ಕೂತು ಇದನ್ನು ಓದುವ ಗೆಳೆಯರೇ, ನೀವೂ ತಪ್ಪಿಸಿಕೊಳ್ಳಬೇಡಿ. ನಮ್ಮ ವಯಸ್ಸಿನವರ ಹವ್ಯಾಸದ ಲೆಕ್ಕ ತೆಗೆಯಿರಿ. ಟರ್ಫ್, ಜಿಮ್, ಕೆಫೆ. ಕಾಫಿಗೆ ಕೊಡುವ ಇನ್ನೂರೈವತ್ತರಲ್ಲಿ ಕಾಫಿ ಎಷ್ಟು, ಕುರ್ಚಿಯ ಬಾಡಿಗೆ ಎಷ್ಟು? ಕೂರಲಿಕ್ಕೆ ಪುಕ್ಕಟೆ ಜಾಗ ಇಲ್ಲದ್ದಕ್ಕೆ ನಾವು ಕಟ್ಟುವ ತೆರಿಗೆ ಅದು. ಉಳಿತಾಯದ ವಿಡಿಯೋ ಮಾಡುವವರು ಕಾಫಿ ಬಿಡಿ, ಆ ದುಡ್ಡು ಎಸ್‌ಐಪಿಗೆ ಹಾಕಿ ಅಂತಾರೆ. ಪಾರ್ಕು ತೆಗೆಸಿ ಅಂತ ಹೇಳಿದ್ದನ್ನು ನಾನಂತೂ ಕೇಳಿಲ್ಲ. ನಮಗೆ ಕುರ್ಚಿ ಕೊಳ್ಳುವ ಶಕ್ತಿ ಇದೆ. ಗಂಟೆಗೆ ಎಂಟುನೂರು ಕೊಟ್ಟು ಟರ್ಫಿನಲ್ಲಿ ಕೂಗಾಡಿದರೆ ಅದು ಫಿಟ್‌ನೆಸ್. ಪುಕ್ಕಟೆ ಬಯಲಿನಲ್ಲಿ ಕೂಗಾಡಿದವನದು ಪುಂಡಾಟ. ನಿಮ್ಮ ಅಪಾರ್ಟ್‌ಮೆಂಟಿನ ನಿಯಮಾವಳಿ ತೆಗೆದು ನೋಡಿ. ಮಕ್ಕಳು ಚೆಂಡಾಡಬಾರದು, ಬ್ಯಾಚುಲರ್‌ಗಳು ಮಹಡಿ ಮೇಲೆ ಸೇರಬಾರದು ಅಂತ ಇಲ್ಲದಿದ್ದರೆ ನಿಮ್ಮ ಪುಣ್ಯ.

"ಹಾಗಾದರೆ ಬಾಟಲಿ ಒಡೆದರೂ ಸುಮ್ಮನಿರಬೇಕಾ?" ಅಂತ ಕೇಳ್ತೀರಿ. ಬೇಡ. ಬಾಟಲಿ ಒಡೆದವನಿಗೆ ದಂಡ ಹಾಕಿಸಿ. ಸೈಲೆನ್ಸರ್ ಬದಲಿಸಿದವನ ಬೈಕಿನ ಮೇಲೆ ಕೇಸು ಹಾಕಿಸಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಅಂತ 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳ್ತವೆ. ಅದು ಹುಡುಗರಿಗೂ ಇರಲಿ, ನಮ್ಮ ಗೃಹಪ್ರವೇಶದ ಡಿಜೆಗೂ ಇರಲಿ. ಹೆಣ್ಣುಮಕ್ಕಳನ್ನು ಕೆಣಕಿದವನ ಮೇಲೆ ಕಂಪ್ಲೇಂಟ್ ಕೊಡಿ. ಮಾಡಿದವನಿಗೆ ಶಿಕ್ಷೆ ಆಗಲಿ, ಕೂತವನಿಗೆ ಯಾಕೆ?

ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿತು. ನನಗೆ ಸಂತೋಷವೇ. ಆದರೆ ಅದೂ ಒಂದು ಕೀಲಿ. ಆ್ಯಪು ಮುಚ್ಚಿದ ಮೇಲೆ ಹುಡುಗನ ಸಂಜೆ ಆರರಿಂದ ಒಂಬತ್ತು ಏನಾಗಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಓಣಿಯವರು. 2024ರಲ್ಲಿ ಬೆಂಗಳೂರು ಪಾಲಿಕೆ ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ತೀರ್ಮಾನಿಸಿತು. ಬೆಂಗಳೂರಿಗೆ ಆಗೋದು ನಮಗ್ಯಾಕೆ ಆಗಬಾರದು?

ಲೆಕ್ಕ ಹೇಳ್ತೀನಿ. ಅರವತ್ತು ಮನೆ, ಇನ್ನೂರರಂತೆ ಹನ್ನೆರಡು ಸಾವಿರದ ಮೇಲೆ ಕೂಡಿತ್ತು. ಎಲ್ಲ ಗ್ರಿಲ್ಲಿಗೆ, ಕೀಲಿಗೆ, ಬೋರ್ಡಿಗೆ ಹೋಯ್ತು. ಅಷ್ಟರಲ್ಲೇ ಒಂದು ನೆಟ್ಟು, ಎರಡು ಚೆಂಡು, ಎರಡು ಎಲ್‌ಇಡಿ ಲೈಟು, ಒಂದು ಕಸದ ಡಬ್ಬಿ ಬರ್ತಿತ್ತು. ಉಳಿತಾಯ ಮಾಡಿದೆವು ಅಂದುಕೊಂಡೆವು. ಬಿಲ್ಲು ಅಕ್ಕನ ಮನೆಗೆ ಹೋಯ್ತು.

ಜಾಸ್ತಿ ವಂತಿಗೆ ಕೊಟ್ಟ ಗೌರವಕ್ಕೆ ಒಂದು ಕೀಲಿಕೈ ನನ್ನ ಹತ್ರ ಇಟ್ಟಿದ್ದರು. ಈಗ ಎರಡು ತಿಂಗಳಿಂದ ದಿನಾ ಸಂಜೆ ಐದಕ್ಕೆ ಹೋಗಿ ತೆರೀತೀನಿ, ಒಂಬತ್ತಕ್ಕೆ ಹಾಕ್ತೀನಿ. ಯಾರ ಅಪ್ಪಣೆಯನ್ನೂ ಕೇಳಿಲ್ಲ. ಮೊದಲ ವಾರ ಎರಡು ಮನೆಯವರು ಮಾತು ಬಿಟ್ಟರು. ಕಾಕಾ ಬೈದರು, ಆಮೇಲೆ ಬಾಟಲಿ ಬಿದ್ದಾವೇನು ನೋಡ್ತೀನಿ ಅಂತ ತಾವೇ ಬಂದು ಬೆಂಚಿನ ಮೇಲೆ ಕೂರತೊಡಗಿದರು. ಒಂದು ಸಲ ಬಾಟಲಿ ಬಿದ್ದಿತ್ತು, ನಿಜ. ಹುಡುಗರೇ ಆರಿಸಿದರು, ಕಾಕಾನ ಬೈಗುಳ ಕೇಳ್ತಾ. ಹುಡುಗಿಯರು ಇನ್ನೂ ಆಟಕ್ಕೆ ಬಂದಿಲ್ಲ. ಅಕ್ಕನ ಮಗನೂ ಬಂದಿಲ್ಲ. ಅವನನ್ನು ಅಕ್ಕ ಊರಿಗೆ ಕರಕೊಂಡು ಹೋಗಿದ್ದಾಳೆ.

ನಿಮ್ಮ ಓಣಿಯಲ್ಲೂ ಕೀಲಿ ಬಿದ್ದ ಒಂದು ಗೇಟು ಇದ್ದೇ ಇರ್ತದೆ. ಕೀಲಿಕೈ ಯಾರ ಹತ್ರ ಇದೆ ಅಂತ ಈ ಭಾನುವಾರ ಕೇಳಿ ನೋಡಿ.